ಹದಿಹರೆಯದ ಮಕ್ಕಳಿಗೆ ಬೇಸಿಗೆ ಸ್ಲ್ಯಾಮ್ ಕವಿತೆ ಕಮ್ಮಟ: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಮನೆಗಳಲ್ಲಿ ಮಕ್ಕಳ ಬಗ್ಗೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. "ಮಾತಾಡೋಕೆ ಬರುತ್ತೆ, ಓದೋಕೆ ಬರೆಯೋಕೆ ಬರಲ್ಲ." ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿಯ ಕೈಗೆ ಕನ್ನಡ ಪುಸ್ತಕ ಕೊಟ್ಟರೆ ಅವಳು ಅದನ್ನು ಹಾಗೇ ಮಡಚಿಡುತ್ತಾಳೆ. ಹಿರಿಯರು ಅಲ್ಲಿಗೇ ಆಸೆ ಬಿಡುತ್ತಾರೆ. ಬಿಡಬೇಕಾಗಿಲ್ಲ. ಸ್ಲ್ಯಾಮ್ ಕವಿತೆ ಬಾಯಿಂದ ಹೊರಟು ಕಿವಿಗೆ ಮುಟ್ಟುವ ಕವಿತೆ. ಅಕ್ಷರ ಬಾರದಿದ್ದರೂ ಭಾಷೆ ಇರುವ ಮಗು ಇಲ್ಲಿ ಪೂರ್ತಿ ಕವಿಯಾಗಬಹುದು. ಈ ಮಾರ್ಗದರ್ಶಿಯಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಇದೊಂದು ನಂಬಿಕೆಯ ಮೇಲೆ ನಿಂತಿದೆ.

ಇದು ಆರು ದಿನದ ಕಮ್ಮಟದ ಯೋಜನೆ. 13ರಿಂದ 19 ವರ್ಷದವರಿಗೆ. ಐದು ದಿನ ಅಭ್ಯಾಸ, ಆರನೆಯ ದಿನ ವೇದಿಕೆ. ನಡೆಸುವವರು ಹೆಸರಾಂತ ಕವಿಯಾಗಿರಬೇಕಾಗಿಲ್ಲ. ಮಕ್ಕಳು ಹೇಳುವುದನ್ನು ಮಧ್ಯೆ ಬಾಯಿ ಹಾಕದೆ ಕೇಳುವ ತಾಳ್ಮೆ ಇದ್ದರೆ ಸಾಕು.

ಮೊದಲು ಆಟದ ನಿಯಮ

ಸ್ಲ್ಯಾಮ್ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಕಟ್ಟಡದ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬವರಿಗೆ ಅಲ್ಲಿನ ಕವಿಗೋಷ್ಠಿಗಳು ಸಪ್ಪೆ ಅನಿಸಿದವು. ಕವಿಗಳು ತಲೆ ತಗ್ಗಿಸಿ ಓದುತ್ತಿದ್ದರು, ಕೇಳುವವರು ಸುಮ್ನೆ ಕೂತಿರುತ್ತಿದ್ದರು. ಅವರು 1984ರಲ್ಲಿ ಒಂದು ಬಾರಿನಲ್ಲಿ ಹೊಸ ಬಗೆಯ ಕವಿತಾ ಸಂಜೆಗಳನ್ನು ಶುರು ಮಾಡಿದರು. 1986ರ ಜುಲೈನಲ್ಲಿ ಗ್ರೀನ್ ಮಿಲ್ ಎಂಬ ಜಾಝ್ ಕ್ಲಬ್ಬಿನಲ್ಲಿ ಅದು ಸ್ಪರ್ಧೆಯ ರೂಪ ಪಡೆಯಿತು. ತೀರ್ಪುಗಾರರನ್ನು ಸಭೆಯಿಂದಲೇ ಆರಿಸಿದರು. ಅಮೆರಿಕದ ಮೊದಲ ರಾಷ್ಟ್ರೀಯ ಸ್ಲ್ಯಾಮ್ ನಡೆದದ್ದು 1990ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹದಿಹರೆಯದವರಿಗಾಗಿಯೇ 'ಬ್ರೇವ್ ನ್ಯೂ ವಾಯ್ಸಸ್' ಎಂಬ ಹಬ್ಬ 1998ರಲ್ಲಿ ಶುರುವಾಯಿತು.

ನಿಯಮಗಳು ಕೆಲವೇ. ಕವಿತೆ ಸ್ವಂತದ್ದಾಗಿರಬೇಕು. ಸಮಯ ಮೂರು ನಿಮಿಷ. ವೇಷ, ವಾದ್ಯ, ಕೈಯಲ್ಲಿ ವಸ್ತು ಯಾವುದೂ ಬೇಡ. ಸಭೆಯಿಂದ ಐದು ಜನ ತೀರ್ಪುಗಾರರು, ಒಬ್ಬೊಬ್ಬರೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ.

ನಮ್ಮವರಿಗೆ ಇದು ಹೊಸದೇನಲ್ಲ. ವಿಜಯಪುರದ ಕಡೆ ಹರದೇಶಿ, ನಾಗೇಶಿ ಮೇಳಗಳು ರಾತ್ರಿಯಿಡೀ ಎದುರುಬದುರು ನಿಂತು ಲಾವಣಿ ಹಾಡುತ್ತವೆ. ಒಂದು ಕಡೆಯವರು ಗಂಡು ಹೆಚ್ಚು ಎಂದರೆ ಇನ್ನೊಂದು ಕಡೆಯವರು ಹೆಣ್ಣು ಹೆಚ್ಚು ಎಂದು ವಾದ ಹೂಡುತ್ತಾರೆ. ಕೇಳುವ ಜನ ಯಾರದು ಮೇಲು ಎಂದು ಅಲ್ಲೇ ಕೂಗಿ ಹೇಳುತ್ತಾರೆ. ಕರಾವಳಿಯ ತಾಳಮದ್ದಳೆ ಇನ್ನೂ ಹತ್ತಿರ. ಯಕ್ಷಗಾನದ್ದೇ ಬಗೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ, ಬರೆದಿಟ್ಟುಕೊಳ್ಳದೆ, ಬರೀ ಮಾತಿನಿಂದ ಕರ್ಣನನ್ನೋ ವಾಲಿಯನ್ನೋ ತಂದು ನಿಲ್ಲಿಸುತ್ತಾರೆ. ಮುಂಬಯಿಯಲ್ಲಿ ತಾಳಮದ್ದಳೆ ಇವತ್ತಿಗೂ ನಡೆಯುತ್ತದೆ. ಕಮ್ಮಟಕ್ಕೆ ಮೊದಲು ಸಾಧ್ಯವಾದರೆ ಮಕ್ಕಳನ್ನು ಒಂದಕ್ಕೆ ಕರೆದುಕೊಂಡು ಹೋಗಿ. ಯೂಟ್ಯೂಬಿನಲ್ಲಿ ಇಂಗ್ಲಿಷ್ ಸ್ಲ್ಯಾಮ್ ತೋರಿಸುವುದಕ್ಕಿಂತ ಇದರಿಂದ ಜಾಸ್ತಿ ಲಾಭ. ಯಾಕೆಂದರೆ ಇಂಗ್ಲಿಷ್ ವಿಡಿಯೊ ನೋಡಿದ ಮಕ್ಕಳು ಅದೇ ಏರುದನಿ, ಅದೇ ಕೈಚಲನೆ ಹಿಡಿದುಬಿಡುತ್ತಾರೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ದಿನಾಂಕ, ಜಾಗ, ಮಕ್ಕಳು

ಬೇಸಿಗೆ ರಜೆ ಎಂದರೆ ಮುಂಬಯಿ ಕನ್ನಡಿಗರಿಗೆ ಊರು. ಮೇ ತಿಂಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಮತ್ಸ್ಯಗಂಧಾ ರೈಲು ಹತ್ತಿ ಹೋಗಿರುತ್ತಾರೆ. ಹಾಗಾಗಿ ಎರಡೇ ದಾರಿ. ಏಪ್ರಿಲ್ ಕೊನೆಯ ವಾರ, ಇಲ್ಲವೇ ಜೂನ್ ಮೊದಲ ವಾರ. ನನ್ನ ಆಯ್ಕೆ ಜೂನ್. ಊರಿಂದ ಬಂದ ಮಕ್ಕಳ ಬಾಯಲ್ಲಿ ಕನ್ನಡ ಆಗ ತಾಜಾ ಇರುತ್ತದೆ, ಹೇಳಲು ಕತೆಗಳೂ ಇರುತ್ತವೆ. ಮಹಾರಾಷ್ಟ್ರದ ರಾಜ್ಯ ಮಂಡಳಿಯ ಶಾಲೆಗಳು ಜೂನ್ ನಡುವಿನಲ್ಲಿ ತೆರೆಯುತ್ತವೆ. ಮಳೆಯೂ ಸಾಮಾನ್ಯವಾಗಿ ಜೂನ್ 10ರ ಆಸುಪಾಸಿನಲ್ಲೇ ಬರುವುದು. ಅಷ್ಟರೊಳಗೆ ಮುಗಿಸಿಬಿಡಿ.

ರೈಲು ಟಿಕೆಟ್ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ತೆರೆದ ಕೂಡಲೇ ಜನ ಹೋಗುವ ಟಿಕೆಟನ್ನೂ ಬರುವ ಟಿಕೆಟನ್ನೂ ತೆಗೆದುಬಿಡುತ್ತಾರೆ. ಆದ್ದರಿಂದ ಕಮ್ಮಟದ ದಿನಾಂಕ ಮಾರ್ಚ್ ಮಧ್ಯದೊಳಗೆ ಮನೆಮನೆಗೆ ತಲುಪಿರಲಿ. ಏಪ್ರಿಲ್‌ನಲ್ಲಿ ತಿಳಿಸಿದರೆ "ಅಯ್ಯೋ, ನಮ್ದು ರಿಟರ್ನ್ ಟಿಕೆಟ್ 9ಕ್ಕೆ" ಎಂಬ ಉತ್ತರ ಬರುತ್ತದೆ.

ಸೋಮವಾರದಿಂದ ಶನಿವಾರದವರೆಗೆ ಇಟ್ಟುಕೊಳ್ಳಿ. ಭಾನುವಾರ ಬೇಡ, ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಲೈನಿನಲ್ಲಿ ಎಂದು ಕೊನೆಗಳಿಗೆಯವರೆಗೂ ಗೊತ್ತಿರುವುದಿಲ್ಲ. ಹೊತ್ತು ಬೆಳಗ್ಗೆ 11ರಿಂದ ಮಧ್ಯಾಹ್ನ 1:30. ಆಫೀಸಿಗೆ ಹೋಗುವವರ ನೂಕುನುಗ್ಗಲು ಅಷ್ಟು ಹೊತ್ತಿಗೆ ಇಳಿದಿರುತ್ತದೆ, ಸಂಜೆಯದು ಶುರುವಾಗುವ ಮೊದಲೇ ಮಕ್ಕಳು ಮನೆ ಸೇರಿರುತ್ತಾರೆ. ಶನಿವಾರದ ಕಾರ್ಯಕ್ರಮ ಮಾತ್ರ ಸಂಜೆ 4ಕ್ಕೆ, ಮನೆಯವರು ಬರಲಿಕ್ಕೆ ಅನುಕೂಲ.

ಜಾಗಕ್ಕೆ ಮಾಟುಂಗಾ ಬಹಳ ಒಳ್ಳೆಯದು. ಸೆಂಟ್ರಲ್‌ನವರಿಗೆ ಮಾಟುಂಗಾ, ವೆಸ್ಟರ್ನ್‌ನವರಿಗೆ ಮಾಟುಂಗಾ ರೋಡ್, ಹಾರ್ಬರ್‌ನವರಿಗೆ ಕಿಂಗ್ಸ್ ಸರ್ಕಲ್. ಮೂರೂ ಲೈನು ಅಲ್ಲಿ ಹತ್ತಿರ ಬರುತ್ತವೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಕರ್ನಾಟಕ ಸಂಘ ಪಕ್ಕದ ಮಾಹಿಮ್‌ನಲ್ಲಿದೆ. ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬಯಿಯವರಾದರೆ ನಿಮ್ಮ ಕನ್ನಡ ಸಂಘದ ಕೋಣೆಯೇ ಸಾಕು. ಕಮ್ಮಟಕ್ಕೆ ದೊಡ್ಡ ಸಭಾಂಗಣ ಕೊಡುತ್ತೇವೆ ಎಂದರೂ ಬೇಡ ಎನ್ನಿ. ದೊಡ್ಡ ಹಾಲ್‌ನಲ್ಲಿ ಮಕ್ಕಳ ದನಿ ಕುಗ್ಗುತ್ತದೆ. ಚಾಪೆ ಹಾಸಿ ಸುತ್ತ ಕೂರುವಷ್ಟು ಜಾಗ, ಓಡುವ ಫ್ಯಾನು, ಕುಡಿಯುವ ನೀರು, ಶುಚಿಯಾದ ಶೌಚಾಲಯ, ಇಷ್ಟಿರಲಿ.

ಮಕ್ಕಳು 12ರಿಂದ 16 ಮಂದಿ. ಅದಕ್ಕಿಂತ ಜಾಸ್ತಿಯಾದರೆ ಒಬ್ಬೊಬ್ಬರ ಕವಿತೆಗೆ ಸಮಯ ಸಿಗುವುದಿಲ್ಲ. ನಡೆಸುವವರು ಇಬ್ಬರಿರಲಿ, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಹೆತ್ತವರ ಒಪ್ಪಿಗೆ ಬರವಣಿಗೆಯಲ್ಲಿ ಪಡೆಯಿರಿ. ವಿಡಿಯೊ ಮತ್ತು ಫೋಟೊಗೆ ಬೇರೆಯೇ ಒಪ್ಪಿಗೆ ಬೇಕು.

ಮಕ್ಕಳನ್ನು ಆರಿಸುವಾಗ ಒಂದು ವಿಷಯಕ್ಕೆ ಗಮನ ಕೊಡಿ. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಿವೆ. ಅಲ್ಲಿನ ಮಕ್ಕಳು ಕನ್ನಡ ಸರಾಗವಾಗಿ ಬರೆಯುತ್ತಾರೆ. ಹಲವರ ಮನೆಯವರು ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಸಂಘಗಳ ಕಾರ್ಯಕ್ರಮಕ್ಕೆ ಇವರನ್ನು ಕರೆಯುವುದು ಕಡಿಮೆ. ನೀವೇ ಶಾಲೆಗೆ ಹೋಗಿ ಕರೆಯಿರಿ, ರೈಲು ಖರ್ಚು ಕೊಡಿ. ಆಮೇಲೆ ಜೋಡಿ ಮಾಡಿ: ಕನ್ನಡ ಬರೆಯಲು ಬರುವ ಒಬ್ಬರು, ಬಾರದ ಒಬ್ಬರು. ಆರು ದಿನವೂ ಅದೇ ಜೋಡಿ. ಇಂಗ್ಲಿಷ್ ಶಾಲೆಯ ಹುಡುಗ ಹೇಳುತ್ತಾನೆ, ಪಾಲಿಕೆ ಶಾಲೆಯ ಹುಡುಗಿ ಬರೆದುಕೊಳ್ಳುತ್ತಾಳೆ, "ಇದು ಹಿಂಗಲ್ಲ ನೋಡು" ಎಂದು ತಿದ್ದುತ್ತಾಳೆ. ಈ ಏರ್ಪಾಡಿನಲ್ಲಿ ಇಬ್ಬರೂ ಕಲಿಯುತ್ತಾರೆ. ಬೇರೆ ಕಡೆ ಹಿಂದಿನ ಬೆಂಚಿಗೆ ಸರಿಯುವ ಮಗು ಇಲ್ಲಿ ಮುಂದೆ ಬರುತ್ತದೆ.

ಮೊದಲ ದಿನ: ಪೆನ್ನು ಬೇಡ

ಮೊದಲ ದಿನ ಏನನ್ನೂ ಬರೆಸಬೇಡಿ. ಮೂರು ಮಾತು ಸ್ಪಷ್ಟವಾಗಿ ಹೇಳಿ. ಯಾವ ಲಿಪಿಯಲ್ಲಿ ಬೇಕಾದರೂ ಬರೆಯಬಹುದು, ದೇವನಾಗರಿಯಾಗಲಿ ಇಂಗ್ಲಿಷ್ ಅಕ್ಷರವಾಗಲಿ. ಯಾರ ಉಚ್ಚಾರಕ್ಕೂ ಯಾರೂ ನಗುವಂತಿಲ್ಲ. ಹೇಳಲು ಮನಸ್ಸಿಲ್ಲದಿದ್ದರೆ "ಪಾಸ್" ಎನ್ನಬಹುದು, ಕಾರಣ ಕೊಡಬೇಕಾಗಿಲ್ಲ.

ಎರಡನೆಯ ಮಾತು ಬಹಳ ಮುಖ್ಯ. ಮುಂಬಯಿಯ ಮಕ್ಕಳ ಕನ್ನಡ ಹತ್ತು ಬಗೆ. ತುಳು ಮನೆಯ ಕನ್ನಡ, ಹುಬ್ಬಳ್ಳಿಯ ಕನ್ನಡ, ಸೊಲ್ಲಾಪುರದ ಕಡೆಯ ಕನ್ನಡ, ಹವ್ಯಕರ ಮಾತು. 'ಹಾಲು' ಎನ್ನುವಲ್ಲಿ 'ಆಲು' ಎನ್ನುವವರೂ ಇರುತ್ತಾರೆ. ಒಬ್ಬರ ನಗು ಸಾಕು, ಆ ಮಗು ಆರು ದಿನವೂ ಬಾಯಿ ಬಿಡುವುದಿಲ್ಲ. ಹೀಗೆ ಮಾತಾಡಬೇಕು ಎಂದು ನೀವೂ ತಿದ್ದಲು ಹೋಗಬೇಡಿ. ಮಗು ಮನೆಯಲ್ಲಿ ಆಡುವ ಕನ್ನಡವೇ ಅದರ ಕವಿತೆಯ ಕನ್ನಡ.

ಮೊದಲ ಆಟ: ಮನೆಯಲ್ಲಿ ದಿನಾ ಕೇಳುವ ಒಂದು ವಾಕ್ಯವನ್ನು ಅದೇ ದನಿಯಲ್ಲಿ, ಅದೇ ಏರಿಳಿತದಲ್ಲಿ ಹೇಳಬೇಕು. "ಎಲ್ಲಿ ಹೋಗಿದ್ದೆ ಇಷ್ಟೊತ್ತು?" "ನೀರು ಹೋಗುತ್ತೆ, ಬೇಗ ಸ್ನಾನ ಮಾಡು." "ಆ ಮೊಬೈಲ್ ತೆಗೆದು ಕಿಟಕಿಯಿಂದ ಎಸೀತೀನಿ ನೋಡು." ಕೋಣೆಯಲ್ಲಿ ನಗು ಏಳುತ್ತದೆ, ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ವಾಕ್ಯ. ಈಗ ಆ ವಾಕ್ಯವನ್ನೇ ಮೂರು ಸಲ ಹೇಳಿಸಿ. ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ಹೆದರಿಕೆಯಲ್ಲಿ, ಒಮ್ಮೆ ಪಿಸುಮಾತಿನಲ್ಲಿ. "ಎಲ್ಲಿ ಹೋಗಿದ್ದೆ ಇಷ್ಟೊತ್ತು" ಎಂಬುದು ಪಿಸುಮಾತಿನಲ್ಲಿ ಬಂದರೆ ಅರ್ಥವೇ ಬದಲಾಗುತ್ತದೆ. ದನಿಯಲ್ಲೇ ಅರ್ಥ ಇದೆ ಎಂಬುದನ್ನು ಭಾಷಣ ಮಾಡದೆ ಹೀಗೆ ಮನಗಾಣಿಸಬಹುದು.

ಕೊನೆಗೆ ಮನೆಗೆಲಸ ಕೊಡಿ. ಲೋಕಲ್‌ನಲ್ಲಿ, ಬಿಲ್ಡಿಂಗಿನಲ್ಲಿ, ಅಡುಗೆಮನೆಯಲ್ಲಿ ಕಿವಿಗೆ ಬಿದ್ದ ಐದು ಶಬ್ದ ಅಥವಾ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರಬೇಕು. "ಪುಢೀಲ್ ಸ್ಟೇಶನ್" ಎಂಬ ಘೋಷಣೆ, ಕುಕ್ಕರಿನ ಸೀಟಿ, ಮೀನು ಮಾರುವವಳ ಕೂಗು, ಏನಾದರೂ ಸರಿ. ಬೇರೆಯವರ ಖಾಸಗಿ ಮಾತು ಬೇಡ.

ಎರಡನೆಯ ದಿನ: ದೊಡ್ಡ ಮಾತಿನಿಂದ ಸಣ್ಣ ವಸ್ತುವಿಗೆ

ಆರು ದಿನಗಳಲ್ಲಿ ಈ ದಿನದ ಮೇಲೆ ಜಾಸ್ತಿ ಶ್ರಮ ಹಾಕಿ. ಹದಿಹರೆಯದವರು ಮೊದಲು ಬರೆಯುವುದು ದೊಡ್ಡ ದೊಡ್ಡ ಮಾತುಗಳನ್ನು. ಸ್ವಾತಂತ್ರ್ಯ, ಸಮಾಜ, ಕನಸು, ತಾಯಿಯ ಪ್ರೀತಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಲ್ಲೇ ನಿಂತರೆ ಕೇಳುವವರ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಒಂದು ಉದಾಹರಣೆ ಬಿಡಿಸಿ ನೋಡೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

ಮುಂಬಯಿ ಮಾಯಾನಗರಿ
ಇಲ್ಲಿ ಎಲ್ಲರೂ ಓಡುತ್ತಾರೆ
ನನ್ನ ಅಪ್ಪನೂ ಓಡುತ್ತಾರೆ
ಯಾರಿಗೂ ಯಾರಿಗಾಗಿಯೂ ಸಮಯವಿಲ್ಲ

ಇದನ್ನು ಕೆಟ್ಟದ್ದು ಎನ್ನಬೇಡಿ. ಪ್ರಶ್ನೆ ಕೇಳಿ. ಅಪ್ಪ ಎಷ್ಟು ಗಂಟೆಗೆ ಏಳುತ್ತಾರೆ? ಎದ್ದ ಮೇಲೆ ಮೊದಲು ಏನು ಮಾಡುತ್ತಾರೆ? ಆಗ ನೀನು ಎಲ್ಲಿರುತ್ತೀಯ? ಲೈಟ್ ಹಾಕುತ್ತಾರಾ? ನಿನಗೆ ಹೇಗೆ ಗೊತ್ತು? ಕೊನೆಯ ಪ್ರಶ್ನೆಗೆ ಮಗು ಒಂದು ಕ್ಷಣ ತಡೆದರೆ, ಕವಿತೆ ಅಲ್ಲಿದೆ ಎಂದು ತಿಳಿಯಿರಿ. ಅಲ್ಲಿಂದ ಇಂಥದ್ದು ಹುಟ್ಟಬಹುದು:

ಅಪ್ಪ ನಾಲ್ಕೂವರೆಗೆ ಏಳ್ತಾರೆ.
ಲೈಟ್ ಹಾಕಲ್ಲ.
ಮೊಬೈಲ್ ಬೆಳಕಲ್ಲಿ ಸಾಕ್ಸ್ ಹುಡುಕ್ತಾರೆ,
ನಾನು ನಿದ್ದೆಯಲ್ಲಿದ್ದೀನಿ ಅಂದ್ಕೊಂಡು.
ಅಪ್ಪಾ, ನಾನು ಎದ್ದೇ ಇರ್ತೀನಿ.
ನಾನು ಕಣ್ಣು ಮುಚ್ಚಿರೋದು ನಿಮಗೋಸ್ಕರ,
ನೀವು ಲೈಟ್ ಹಾಕದಿರೋದು ನನಗೋಸ್ಕರ.
ಒಂದೇ ಖೋಲಿಯಲ್ಲಿ ನಾವಿಬ್ರೂ
ದಿನಾ ಬೆಳಗ್ಗೆ ಒಂದೇ ಸುಳ್ಳು ಹೇಳ್ತೀವಿ.

ಇದರಲ್ಲಿ 'ಪ್ರೀತಿ' ಎಂಬ ಪದವಿಲ್ಲ, 'ಕಷ್ಟ' ಎಂಬ ಪದವೂ ಇಲ್ಲ. ಸಾಕ್ಸ್ ಇದೆ, ಮೊಬೈಲ್ ಬೆಳಕಿದೆ, ಒಂದೇ ಕೋಣೆಯ ಮನೆಯಿದೆ. 'ಖೋಲಿ' ಎಂಬ ಪದವನ್ನು 'ಕೋಣೆ' ಎಂದು ತಿದ್ದಬೇಡಿ. ಮುಂಬಯಿಯ ಚಾಳಿನ ಒಂದೇ ಕೋಣೆಯ ಮನೆ ಆ ಪದದಲ್ಲೇ ಕಣ್ಣಿಗೆ ಬರುತ್ತದೆ.

ಅಭ್ಯಾಸ ಹೀಗಿರಲಿ. ಒಬ್ಬೊಬ್ಬರೂ ಮನೆಯ ಒಂದು ವಸ್ತು ಆರಿಸಿಕೊಳ್ಳಲಿ. ನೀರಿನ ಡ್ರಮ್ಮು, ಊರಿಂದ ಬಂದ ಉಪ್ಪಿನಕಾಯಿ ಭರಣಿ, ಅಪ್ಪನ ರೈಲ್ವೆ ಪಾಸು. ಜೋಡಿಯವರು ಹತ್ತು ಪ್ರಶ್ನೆ ಕೇಳಲಿ, ಎಲ್ಲವೂ ಕಣ್ಣು, ಕಿವಿ, ಮೂಗು, ಕೈಗೆ ಸಂಬಂಧಿಸಿದವು. ಉತ್ತರಗಳನ್ನು ರೆಕಾರ್ಡ್ ಮಾಡಿ, ಆಮೇಲೆ ಕೇಳುತ್ತಾ ಬರೆಯಲಿ. ಮಾತಿನಲ್ಲಿ ಬಂದ ಕ್ರಮವನ್ನು ಆದಷ್ಟೂ ಕೆಡಿಸದಿರಲಿ.

ಮೂರನೆಯ ದಿನ: ಕಿವಿಗೆ ಕೆಲಸ

ಕನ್ನಡದಲ್ಲಿ ಸಾಲಿನ ಕೊನೆಗೆ ಪ್ರಾಸ ಹೊಂದಿಸುವುದು ಬಹಳ ಸುಲಭ. ಕ್ರಿಯಾಪದ ಕೊನೆಗೆ ಬರುವುದರಿಂದ 'ಏಳುತ್ತೇನೆ, ಹಿಡಿಯುತ್ತೇನೆ, ಹೋಗುತ್ತೇನೆ' ತಾನಾಗೇ ಸೇರಿಕೊಳ್ಳುತ್ತವೆ. ಕಷ್ಟಪಡದೆ ಸಿಕ್ಕ ಈ ಪ್ರಾಸ ಕಿವಿಗೆ ಬೇಗ ಬೇಸರ ತರುತ್ತದೆ. ಈ ದಿನಕ್ಕೆ ಒಂದು ನಿಯಮ ಮಾಡಿ: ಕ್ರಿಯಾಪದದ ಕೊನೆಯಿಂದ ಪ್ರಾಸ ಮಾಡುವಂತಿಲ್ಲ. ಕ್ರಿಯಾಪದವನ್ನು ಸಾಲಿನ ನಡುವಿಗೆ ತನ್ನಿ, ಕೆಲವು ಕಡೆ ಬಿಟ್ಟೇಬಿಡಿ. 'ಕೈಯಲ್ಲಿ ಡಬ್ಬಿ, ಹೆಗಲಲ್ಲಿ ಚೀಲ, ಬಾಗಿಲಲ್ಲಿ ನೇತಾಡುವ ಅಪ್ಪ.' ಕೊನೆಯಲ್ಲಿ ಕ್ರಿಯಾಪದವಿಲ್ಲ, ಆದರೂ ವೇಗ ಇದೆ ಅಲ್ವಾ?

ಅದರ ಬದಲು ಹಳೆಯ ಕನ್ನಡ ಕಾವ್ಯದ ಆದಿಪ್ರಾಸ ಕಲಿಸಿ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅಷ್ಟೇ. 'ಹಳಿಯ ಮೇಲೆ, ಮಳೆಯ ನೀರು, ಗೆಳತಿ ಇಳಿದ ಸ್ಟೇಶನ್ನು.' ಹಳಿ, ಮಳೆ, ಗೆಳತಿ: ಮೂರರಲ್ಲೂ ಎರಡನೆಯದು ಳಕಾರ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಇದು ಒಗಟಿನ ಹಾಗೆ ಮಜಾ ಕೊಡುತ್ತದೆ. ಲಕಾರ, ಳಕಾರ ಬೇರೆ ಎಂಬುದೂ ಇಲ್ಲೇ ನಾಲಿಗೆಗೆ ಹತ್ತುತ್ತದೆ.

ಆಮೇಲೆ ಮಾತ್ರೆ, ಅಂದರೆ ಒಂದು ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಪಾಠ ಮಾಡಬೇಡಿ, ಚಪ್ಪಾಳೆ ಹಾಕಿಸಿ. ಗಿಡ್ಡ ಅಕ್ಷರಕ್ಕೆ ಒಂದು, ದೀರ್ಘಕ್ಕೆ ಅಥವಾ ಒತ್ತಕ್ಷರದ ಹಿಂದಿನದಕ್ಕೆ ಎರಡು. ಸೊನ್ನೆ ಇರುವ ಅಕ್ಷರಕ್ಕೂ ಎರಡು.

ಮೂರರ ನಡೆ: ಗಾಡಿ | ಬಂತು | ಗಾಡಿ | ಹೋಯ್ತು
ನಾಲ್ಕರ ನಡೆ: ಅಪ್ಪನ | ಡಬ್ಬಿಯ | ಮುಚ್ಚಳ | ಬಿಸಿಬಿಸಿ
ಐದರ ನಡೆ: ಕಿಟಕಿಯಲಿ | ಕಡಲೊಂದು | ತುಂಡಾಗಿ | ಓಡುವುದು

ಮೂರನ್ನೂ ಗಟ್ಟಿಯಾಗಿ ಹೇಳಿಸಿ. ಮೂರರದು ಕುಣಿಯುತ್ತದೆ, ನಾಲ್ಕರದು ನಡೆಯುತ್ತದೆ, ಐದರದು ಕುಂಟುತ್ತಾ ತೇಲುತ್ತದೆ. ಇಡೀ ಕವಿತೆ ಒಂದೇ ನಡೆಯಲ್ಲಿ ಇರಬೇಕಾಗಿಲ್ಲ. ಮಾತಿನ ಲಯದಲ್ಲಿ ಸಾಗುತ್ತಾ, ಬೇಕಾದ ಕಡೆ ನಾಲ್ಕು ಸಾಲು ನಡೆ ಹಿಡಿದರೆ ಕೇಳುವವರ ಮೈ ನೆಟ್ಟಗಾಗುತ್ತದೆ. ರ‍್ಯಾಪ್ ಕೇಳುವ ಹುಡುಗರು ಇದನ್ನು ನಿಮಗಿಂತ ಬೇಗ ಹಿಡಿಯುತ್ತಾರೆ. ಅವರ ಕೈಗೆ ಚಪ್ಪಾಳೆಯ ಉಸ್ತುವಾರಿ ಕೊಡಿ.

ಮರಾಠಿ, ಹಿಂದಿ, ತುಳು ಸಾಲುಗಳು ಬಂದರೆ? ಬರಲಿ. ಒಂದೇ ಪರೀಕ್ಷೆ: ಆ ಜಾಗದಲ್ಲಿ ಆ ಮಾತನ್ನು ನಿಜವಾಗಿ ಆ ಭಾಷೆಯಲ್ಲೇ ಆಡುತ್ತಾರಾ? ಟಿಸಿ ಕನ್ನಡ ಮಾತಾಡುವುದಿಲ್ಲ. ಅವನ ಮಾತು ಹಿಂದಿಯಲ್ಲೇ ಇರಲಿ. ಅಮ್ಮನಿಗೆ ಸಿಟ್ಟು ಬಂದಾಗ ತುಳು ಬರುತ್ತದೆ ಎಂದಾದರೆ ತುಳುವಿನಲ್ಲೇ ಬರಲಿ. ಕನ್ನಡ ಪದ ತಿಳಿಯದ ಕಾರಣಕ್ಕೆ ಮಾತ್ರ ಇಂಗ್ಲಿಷ್ ಪದ ಬಂದಿದ್ದರೆ ಮನೆಯಲ್ಲಿ ಕೇಳಿಕೊಂಡು ಬಾ ಎನ್ನಿ. ಆ ನೆಪದಲ್ಲಿ ಅಜ್ಜಿಗೆ ಫೋನು ಹೋಗುತ್ತದೆ.

ನಾಲ್ಕನೆಯ ದಿನ: ಮೂರು ನಿಮಿಷಕ್ಕೆ ಇಳಿಸುವುದು

ವೇದಿಕೆಯ ವೇಗದಲ್ಲಿ ಹೇಳಿದರೆ ಮೂರು ನಿಮಿಷಕ್ಕೆ ಸುಮಾರು 200ರಿಂದ 250 ಕನ್ನಡ ಪದ ಹಿಡಿಸುತ್ತವೆ. ಅಭ್ಯಾಸದಲ್ಲಿ 2 ನಿಮಿಷ 40 ಸೆಕೆಂಡಿಗೆ ಮುಗಿಯುವಂತೆ ನೋಡಿಕೊಳ್ಳಿ. ವೇದಿಕೆಯಲ್ಲಿ ನಗು, ಚಪ್ಪಾಳೆ, ಉಸಿರು ಸೇರಿ ಉಳಿದ ಹೊತ್ತನ್ನು ತಿಂದುಬಿಡುತ್ತವೆ.

ಕತ್ತರಿಸಬೇಕಾದದ್ದು ಹೆಚ್ಚಾಗಿ ಎರಡು ಕಡೆ ಇರುತ್ತದೆ. ಶುರುವಿನ ನಾಲ್ಕಾರು ಸಾಲು ಪೀಠಿಕೆ, ಕೊನೆಯ ನಾಲ್ಕಾರು ಸಾಲು ನೀತಿಪಾಠ. ಎರಡನ್ನೂ ಮುಚ್ಚಿ, ಉಳಿದದ್ದನ್ನು ಓದಿಸಿ. ಬಹಳಷ್ಟು ಸಲ ಕವಿತೆ ನಡುವಿನಲ್ಲೇ ಪೂರ್ತಿ ಇರುತ್ತದೆ. ಆದರೆ ಕತ್ತರಿ ಮಗುವಿನ ಕೈಯಲ್ಲೇ ಇರಬೇಕು. "ಈ ಸಾಲು ತೆಗೆದರೆ ಏನು ಕಳೆದುಹೋಗುತ್ತೆ?" ಎಂದು ಕೇಳಿ. ಮಗು ಉತ್ತರ ಕೊಟ್ಟರೆ ಸಾಲು ಉಳಿಯಲಿ. ಪದ ಸೇರಿಸಿ ಚೆಂದ ಮಾಡಿಕೊಡುವ ಆಸೆ ನಡೆಸುವವರಿಗೆ ಬರುತ್ತದೆ, ದಯವಿಟ್ಟು ತಡೆದುಕೊಳ್ಳಿ. ನಿಮ್ಮ ಒಂದು ಸಾಲು ಸೇರಿದರೂ ಅದು ಸ್ವಂತ ಕವಿತೆಯಾಗಿ ಉಳಿಯುವುದಿಲ್ಲ.

ಈ ಹೊತ್ತಿಗೆ ಗಂಭೀರ ವಿಷಯಗಳೂ ಹೊರಬರುತ್ತವೆ. ಸಾವು, ಕುಡಿತ, ಹೊಡೆತ, ಜಾತಿಯ ಅವಮಾನ, ಪ್ರೀತಿ. ಮಕ್ಕಳು ನಿಮ್ಮನ್ನು ನಂಬಿ ಹೇಳುತ್ತಾರೆ. ಮೊದಲು ಪೂರ್ತಿ ಕೇಳಿ. ಆಮೇಲೆ ಒಬ್ಬರನ್ನೇ ಪಕ್ಕಕ್ಕೆ ಕರೆದು, ಇನ್ನೊಬ್ಬ ನಿರ್ವಾಹಕರ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತು ಕೇಳಿ: "ಇದನ್ನ ಬರೆಯೋದು ಒಂದು, ಎಲ್ಲರ ಮುಂದೆ ಹೇಳೋದು ಇನ್ನೊಂದು. ಶನಿವಾರ ಮನೆಯವರು ಎದುರಿಗೆ ಕೂತಿರ್ತಾರೆ. ಹೇಳಬೇಕು ಅನ್ಸುತ್ತಾ?" ಬರೆದು ಇಟ್ಟುಕೊಳ್ಳಲು, ವೇದಿಕೆಗೆ ಬೇರೆ ಕವಿತೆ ತರಲು ಹಾದಿ ಬಿಡಿ. ಗೆಳತಿಯ ಗುಟ್ಟು ಕವಿತೆಯಲ್ಲಿದ್ದರೆ ಅವಳ ಒಪ್ಪಿಗೆ ಬೇಕು.

"ಯಾರಿಗೂ ಹೇಳಲ್ಲ" ಎಂದು ಮಾತ್ರ ಎಂದೂ ಮಾತು ಕೊಡಬೇಡಿ. 18ಕ್ಕಿಂತ ಚಿಕ್ಕವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ದಿನದ 24 ಗಂಟೆ, ಉಚಿತ. ಮೊದಲ ದಿನವೇ ಕೋಣೆಯ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ.

ಐದನೆಯ ದಿನ: ಬಾಯಿ, ಮೈ, ಮೈಕು

ಕಾಲು ಊರಿ ನಿಲ್ಲುವುದರಿಂದ ಶುರು ಮಾಡಿ. ತೂಗಾಡುವ ಮಗುವಿನ ದನಿಯೂ ತೂಗಾಡುತ್ತದೆ. ಹೇಳುವ ಮೊದಲು ಒಂದು ಪೂರ್ತಿ ಉಸಿರು. ಕಣ್ಣಿಗೆ ಸಭೆಯಲ್ಲಿ ಮೂರು ಜಾಗ ಗುರುತು ಮಾಡಿಕೊಳ್ಳಲಿ: ಎಡ, ನಡು, ಬಲ.

ಮೈಕು ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆ. ನೇರ ಹಿಡಿದರೆ ಪ, ಫ, ಬ, ಭ ಬಂದಾಗಲೆಲ್ಲ 'ಟಪ್' ಎಂದು ಹೊಡೆಯುತ್ತದೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬಾರದು. ಸಿನಿಮಾದಲ್ಲಿ ಹಾಗೆ ಹಿಡಿಯುತ್ತಾರೆ, ನಿಜ, ಆದರೆ ಹಾಗೆ ಹಿಡಿದರೆ ದನಿ ಮಬ್ಬಾಗುತ್ತದೆ, ಕೀರಲು ಸದ್ದೂ ಬರುತ್ತದೆ.

ಬಾಯಿಪಾಠ ಆದರೆ ಒಳ್ಳೆಯದು, ಆಗದಿದ್ದರೆ ಕಾಗದ ಹಿಡಿಯಲಿ. ಫೋನು ನೋಡಿ ಓದುವುದು ಬೇಡ. ಮಧ್ಯದಲ್ಲಿ ಸ್ಕ್ರೀನ್ ಆರಿಹೋದರೆ ಮಗು ಗಾಬರಿಯಾಗುತ್ತದೆ. ಸಾಲು ಮರೆತರೆ ಏನು ಮಾಡಬೇಕು ಎಂಬುದನ್ನೂ ಅಭ್ಯಾಸ ಮಾಡಿಸಿ. ಬೇಕೆಂದೇ ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಹಿಂದಿನ ಸಾಲಿನಿಂದ ಮತ್ತೆ ಹಿಡಿಯಲಿ. ಸಭೆಯಲ್ಲಿರುವವರು ಆಗ ಬೆರಳು ಚಿಟಿಕೆ ಹಾಕುತ್ತಾರೆ. ಸ್ಲ್ಯಾಮ್‌ನಲ್ಲಿ ಚಿಟಿಕೆ ಎಂದರೆ 'ನಾವು ನಿನ್ನ ಜೊತೆ ಇದ್ದೇವೆ' ಎಂದು. ಈ ದಿನ ಎಲ್ಲರೂ ಎಲ್ಲರಿಗೂ ಚಿಟಿಕೆ ಹಾಕಿ ರೂಢಿ ಮಾಡಿಕೊಳ್ಳಲಿ.

ಕೂಗುವುದೇ ಶಕ್ತಿ ಎಂದು ತಿಳಿದ ಮಕ್ಕಳಿಗೆ ಅತಿ ನೋವಿನ ಸಾಲನ್ನು ಅತಿ ಸಣ್ಣ ದನಿಯಲ್ಲಿ ಹೇಳಿಸಿ. ಆಮೇಲೆ ಯಾವುದು ಚೆನ್ನಾಗಿತ್ತು ಎಂದು ಉಳಿದವರನ್ನು ಕೇಳಿ.

ಶನಿವಾರ: ವೇದಿಕೆ

ಸಂಘದ ಪದಾಧಿಕಾರಿಗಳ ಜೊತೆ ಮೊದಲೇ ಕೂತು ಮಾತಾಡಿ. ದೀಪ ಬೆಳಗಿಸಿ, ಎರಡು ನಿಮಿಷ ಸ್ವಾಗತ ಹೇಳಿ, ನೇರ ಕವಿತೆಗೆ ಬರಬೇಕು. ಅಧ್ಯಕ್ಷ ಭಾಷಣ, ಶಾಲು, ಹಾರಗಳಿಗೆ ಬೇರೆ ದಿನವಿದೆ. ಗಂಟೆಗಟ್ಟಲೆ ಕಾದ ಮಗುವಿನ ದನಿ ವೇದಿಕೆ ಹತ್ತುವ ಮೊದಲೇ ಬತ್ತಿರುತ್ತದೆ. ಗೌರವದಿಂದ ಹೇಳಿದರೆ ಹಿರಿಯರು ಒಪ್ಪುತ್ತಾರೆ.

ತೀರ್ಪುಗಾರರು ಐದು ಜನ. ಮಕ್ಕಳ ಮನೆಯವರು, ಸಂಘದವರು, ಸಾಹಿತಿಗಳು ಬೇಡ. ಕ್ಯಾಂಟೀನಿನವರು, ಎದುರು ಅಂಗಡಿಯವರು, ಕಾಲೇಜು ಹುಡುಗಿ, ನಿವೃತ್ತ ಬ್ಯಾಂಕ್ ನೌಕರರು, ಇಂಥವರಿರಲಿ. ಒಬ್ಬೊಬ್ಬರಿಗೂ ಸ್ಲೇಟು, ಬಳಪ. ಮೊದಲು ಸ್ಪರ್ಧೆಯಲ್ಲಿಲ್ಲದ ಒಬ್ಬರು ಕವಿತೆ ಹೇಳುತ್ತಾರೆ, ಅದು ಅಂಕದ ಅಳತೆ ಹದ ಮಾಡಿಕೊಳ್ಳಲಿಕ್ಕೆ. ಈ ಕೆಲಸ ನಡೆಸುವವರೇ ಮಾಡಿ. ಆಮೇಲೆ ಚೀಟಿ ಎತ್ತಿ ಸರದಿ.

ಲೆಕ್ಕ ಹೀಗೆ. ಒಬ್ಬಳಿಗೆ 7.2, 8.0, 8.1, 8.6, 9.4 ಬಂತು ಎನ್ನಿ. ಅತಿ ಕಡಿಮೆ 7.2, ಅತಿ ಹೆಚ್ಚು 9.4, ಎರಡನ್ನೂ ಬಿಡಿ. ಉಳಿದ ಮೂರರ ಮೊತ್ತ 24.7. ಗರಿಷ್ಠ 30. ಮೂರು ನಿಮಿಷದ ಮೇಲೆ ಹತ್ತು ಸೆಕೆಂಡು ರಿಯಾಯಿತಿ ಇದೆ. ಅದಾದ ಮೇಲೆ ಪ್ರತಿ ಹತ್ತು ಸೆಕೆಂಡಿಗೆ, ಅಥವಾ ಅದರ ಭಾಗಕ್ಕೆ, ಅರ್ಧ ಅಂಕ ಕಡಿತ. ಅವಳು 3 ನಿಮಿಷ 24 ಸೆಕೆಂಡು ತೆಗೆದುಕೊಂಡಿದ್ದರೆ ಒಂದು ಅಂಕ ಹೋಗಿ 23.7. ಗಡಿಯಾರ ಹಿಡಿಯುವವರು ಒಬ್ಬರು, ಕೂಡಿಸುವವರು ಇನ್ನೊಬ್ಬರು.

ಅಂಕ ಬೇಕೇ ಬೇಕಾ ಎಂದು ಹಲವರು ಕೇಳುತ್ತಾರೆ. ನನ್ನ ಅಭಿಪ್ರಾಯ: 16 ದಾಟಿದವರಿಗೆ ಇರಲಿ, ಅದರಿಂದ ಸಭೆ ಚುರುಕಾಗುತ್ತದೆ. ಅದಕ್ಕಿಂತ ಚಿಕ್ಕವರಿಗೆ ಬೇಡ. ಅವರು ಅದೇ ವೇದಿಕೆಯಲ್ಲಿ ಹೇಳಲಿ, ಸ್ಲೇಟು ಏಳದಿರಲಿ. ತಂದೆಯ ಸಾವಿನ ಬಗ್ಗೆ ಹೇಳಿದ 13ರ ಹುಡುಗನಿಗೆ 6.5 ಎಂದು ತೋರಿಸುವ ಅಗತ್ಯ ಯಾರಿಗೂ ಇಲ್ಲ. ಬಹುಮಾನ ಎಲ್ಲರಿಗೂ ಒಂದೇ ಇರಲಿ, ಒಂದು ಒಳ್ಳೆಯ ನೋಟುಪುಸ್ತಕ ಸಾಕು.

ತಿಂಡಿ ಮರೆಯಬೇಡಿ. ಗೋಳಿಬಜೆ, ವಡಾಪಾವ್, ಪುನರ್ಪುಳಿ ಶರಬತ್ತು. ಮಕ್ಕಳ ಕವಿತೆ ಬಗ್ಗೆ ಮನೆಯವರ ನಿಜವಾದ ಮಾತು ಶುರುವಾಗುವುದು ತಿಂಡಿ ತಟ್ಟೆ ಹಿಡಿದುಕೊಂಡಾಗಲೇ.

ಕಮ್ಮಟ ಮುಗಿದ ಮೇಲೆ

ಒಂದು ವಾರದೊಳಗೆ ಪ್ರತಿ ಮಗುವಿನ ಕವಿತೆಯನ್ನು ಅಚ್ಚು ಹಾಕಿಸಿ ಕೊಡಿ. ಎಡಗಡೆ ಮಗು ಬರೆದ ಲಿಪಿ, ಬಲಗಡೆ ಕನ್ನಡ ಲಿಪಿ, ದೊಡ್ಡ ಅಕ್ಷರದಲ್ಲಿ. ಬಾಯಿಪಾಠ ಇರುವ ಸಾಲನ್ನು ಕಣ್ಣು ತಾನಾಗಿ ಹಿಂಬಾಲಿಸುತ್ತದೆ. ಅ ಆ ಇ ಈ ಎಂದರೆ ಓಡಿಹೋಗುತ್ತಿದ್ದ ಹುಡುಗಿ 'ಖೋಲಿ' ಎಲ್ಲಿದೆ ಎಂದು ತಾನೇ ಹುಡುಕುತ್ತಾಳೆ. ಅಲ್ಲಿಂದ ಅಕ್ಷರ ಕಲಿಸುವ ಕೆಲಸವನ್ನು ಅವಳ ಜೋಡಿಗೇ ಬಿಡಿ, ವಾರಕ್ಕೊಂದು ವಿಡಿಯೊ ಕಾಲ್ ಸಾಕು.

ವಿಡಿಯೊಗಳನ್ನು ಒಪ್ಪಿಗೆ ಇದ್ದವರ ಮನೆಗೆ ಮಾತ್ರ ಕಳಿಸಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ತಿಂಗಳಿಗೊಮ್ಮೆ, ಎರಡನೆಯ ಶನಿವಾರ ಸಂಜೆ, ಅದೇ ಕೋಣೆಯಲ್ಲಿ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಬಂದು ಕವಿತೆ ಹೇಳುವ ಕೂಟ, ಇಟ್ಟುಕೊಳ್ಳಿ. ಜುಲೈನಲ್ಲಿ ಮಳೆಗೆ ಲೋಕಲ್ ನಿಂತರೆ ಫೋನಿನಲ್ಲೇ ನಡೆಸಿ. ಮೊದಲ ಓಪನ್ ಮೈಕಿನ ದಿನಾಂಕವನ್ನು ಸ್ಲ್ಯಾಮ್ ಮುಗಿದ ಸಂಜೆಯೇ, ಮಕ್ಕಳು ಚಪ್ಪಲಿ ಹಾಕಿಕೊಳ್ಳುವ ಮೊದಲು ತಿಳಿಸಿಬಿಡಿ. ಅದನ್ನು ನಡೆಸುವ ಜವಾಬ್ದಾರಿ ಅವರಲ್ಲೇ ಇಬ್ಬರಿಗೆ ವಹಿಸಿ.